ಅತ್ತಿ ಪಾಠ ಹೇಳಿದ ಮಷಿನ್ನು

ನಾನು ಕಟ್ಟಿದ ಕಡಲೆ ಆರಿಸುವ ಮಷಿನ್ನು ಬೈಲಹೊಂಗಲದಲ್ಲಿ ಹೆಸರು ಮಾಡಿದ್ದು ಕಡಲೆ ಆರಿಸಿದ್ದಕ್ಕಲ್ಲ, ಬೀಗರ ಮನೆಯ ಹೆಣ್ಣುಮಗಳೊಬ್ಬಳ ಹಲ್ಲು ಮುರಿದದ್ದಕ್ಕೆ. ಈಗಲೂ ಬಜಾರಿನಲ್ಲಿ ಹಳಬರು ಸಿಕ್ಕರೆ, "ಏನ್ರೀ, ಹಲ್ಲ ಕೀಳೂ ಮಷಿನ್ ಇನ್ನೂ ಐತೇನ್ರಿ?" ಎಂದು ಕೇಳುತ್ತಾರೆ. ಐತಿ ಎನ್ನುತ್ತೇನೆ. ಅಟ್ಟದ ಮೇಲೆ ಗೋಣಿಚೀಲ ಹೊದ್ದುಕೊಂಡು ಕೂತಿದೆ. ಪೂರ್ತಿ ಕಥೆ ಹೇಳುವ ಗೋಜಿಗೆ ಹೋದವನಲ್ಲ. ಅರ್ಧ ಗೊತ್ತಿದ್ದು ನಗುವವರಿಗೆ ಉಳಿದರ್ಧ ಹೇಳುವುದು ನನಗೆ ಮೊದಲಿನಿಂದಲೂ ಬೇಸರದ ಕೆಲಸ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನ್ನದು ಟಿವಿ ರಿಪೇರಿ ಅಂಗಡಿ. ತೊಂಬತ್ತರ ದಶಕದಲ್ಲಿ ಅಂಗಡಿಯೊಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಕ್ರಿಕೆಟ್ ಮ್ಯಾಚಿನ ಹಿಂದಿನ ದಿನ ಜನ ನನ್ನನ್ನು ಡಾಕ್ಟರನ್ನು ಕರೆದಂತೆ ಮನೆಗೆ ಕರೆದೊಯ್ಯುತ್ತಿದ್ದರು. ಆಮೇಲೆ ಹಳೆಯದು ಕೊಟ್ಟು ಹೊಸದು ಒಯ್ಯುವ ಸ್ಕೀಮುಗಳು ಬಂದವು. ರಿಪೇರಿಗೆ ಬರುವ ಸೆಟ್ಟುಗಳು ಕಡಿಮೆಯಾದವು, ಬಂದವುಗಳನ್ನೂ ಕೆಲವರು ಒಯ್ಯಲೇ ಇಲ್ಲ. ಮೋಟಾರು, ಬೆಲ್ಟು, ರಿಲೇ, ವೈರು ಎಲ್ಲ ಕೈಯಳತೆಯಲ್ಲೇ ಬಿದ್ದಿದ್ದವು. ಹೊತ್ತೂ ಬೇಕಾದಷ್ಟು ಬಿದ್ದಿತ್ತು. ಇವೆರಡೂ ಒಟ್ಟಿಗೆ ಸಿಕ್ಕರೆ ನನ್ನಂಥವನು ಸುಮ್ಮನೆ ಕೂಡುವುದಿಲ್ಲ.

ಒಂದು ದಿನ ಸವದತ್ತಿ ಕಡೆಯ ಬೇಳೆ ಮಿಲ್ಲಿನವರು ಸ್ಟೆಬಿಲೈಸರ್ ನೋಡಲು ಕರೆಸಿದ್ದರು. ಅಲ್ಲಿ ಹೊರದೇಶದಿಂದ ತರಿಸಿದ ಒಂದು ಮಷಿನ್ನು ಕಂಡೆ. ಒಳಗೆ ಕ್ಯಾಮೆರಾ. ಬೇಳೆ ಮೇಲಿನಿಂದ ಬೀಳುತ್ತಿರುವಾಗಲೇ ಕಲ್ಲು ಯಾವುದು, ಕರಿಕಾಳು ಯಾವುದು ಎಂದು ಗುರುತಿಸಿ ಗಾಳಿ ಊದಿ ಹೊರಗೆ ಹಾರಿಸುತ್ತಿತ್ತು. ಅದರ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದು ನಿಜ. ಆದರೆ ವಾಪಸ್ಸು ಬಸ್ಸು ಹತ್ತುವ ಹೊತ್ತಿಗೆ, 'ಇಷ್ಟೇ ಅಲ್ಲವೇ' ಅನಿಸಿತ್ತು. ಆ ಇಷ್ಟೇ ಕೆಲಸ ನನ್ನ ಒಂದು ವರ್ಷ ತಿಂದಿತು.

ಆಗ ಮನೆಯಲ್ಲಿ ನಾವು ಮೂವರು. ಅವ್ವ, ನಾನು ಮತ್ತು ಅತ್ತಿ. ಅತ್ತಿ ಎಂದರೆ ಅಪ್ಪನ ತಂಗಿ. ಅವಳನ್ನು ಕಿತ್ತೂರಿಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ಅಪ್ಪ ಹೋಗಿ ಕರೆದುಕೊಂಡು ಬಂದ. ಅದು ನಾನು ಹುಟ್ಟುವುದಕ್ಕೂ ಮೊದಲಿನ ಮಾತು. ಅಪ್ಪ ಇರುವವರೆಗೆ ಅವಳು ಅಣ್ಣನ ಮನೆಯಲ್ಲಿದ್ದಳು. ಅಪ್ಪ ಹೋದ ಮೇಲೆ ಅದೇ ಮನೆ ಅವಳ ಪಾಲಿಗೆ ವೈನಿಯ ಮನೆಯಾಯಿತು. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಅನ್ನುತ್ತಾರೆ. ಇದು ನನ್ನ ಮನೆ ಎಂದು ಅವ್ವ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ, ಅತ್ತಿಯೇ ಅಂದುಕೊಂಡಿದ್ದಳು. ಅವ್ವನಿಗೂ ಅತ್ತಿಗೂ ಸಾರಿಗೆ ಹಾಕುವ ಉಪ್ಪಿನಿಂದ ಹಿಡಿದು ಕಸಬರಿಗೆ ಇಡುವ ಮೂಲೆಯವರೆಗೆ ದಿನಕ್ಕೊಂದು ತಕರಾರು. ಇಬ್ಬರೂ ಜಗಳವಾಡದ ದಿನ ನನಗೇ ಗಾಬರಿಯಾಗುತ್ತಿತ್ತು.

ಮನೆಗೆ ಬಂದ ಕಾಳು ಹಸನು ಮಾಡುವುದು ಅತ್ತಿಯ ಕೆಲಸ. ಊಟವಾದ ಮೇಲೆ ಪಡಸಾಲೆಯ ಬೆಳಕಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ತೊಡೆಯ ಮೇಲೆ ಹಿತ್ತಾಳೆಯ ಅಗಲ ಪರಾತ ಇಟ್ಟುಕೊಂಡಳೆಂದರೆ ಕಲ್ಲು ಒಂದು ಕಡೆ, ಕಾಳು ಒಂದು ಕಡೆ. ಬೇರೆ ಯಾರಾದರೂ ಆ ಪರಾತ ಮುಟ್ಟಿದರೆ ಅವಳ ಮುಖ ಸಣ್ಣದಾಗುತ್ತಿತ್ತು. "ಕುಂತ ಉಂಡ್ರ ಕೂಳ ಮೈಗೆ ಹತ್ತೂದಿಲ್ಲಪಾ" ಅನ್ನುತ್ತಿದ್ದಳು. ಅದನ್ನು ಅವಳು ಗಾದೆಯಂತೆ ಹೇಳುತ್ತಿದ್ದುದರಿಂದ ನಾನೂ ಗಾದೆಯಂತೆಯೇ ಕೇಳಿಸಿಕೊಳ್ಳುತ್ತಿದ್ದೆ. ಅದರೊಳಗಿನ ಅಂಜಿಕೆ ನನಗೆ ಗೊತ್ತಾಗಿರಲಿಲ್ಲ.

ನಮ್ಮ ಹೊಲದ ಕಡಲೆಯಲ್ಲಿ ಕಲ್ಲು ಜಾಸ್ತಿ. ಕಣ ಮಾಡಿ ಒಕ್ಕುವುದನ್ನು ಬಿಟ್ಟು, ಕಿತ್ತ ಗಿಡವನ್ನು ಡಾಂಬರು ರಸ್ತೆಯ ಮೇಲೆ ಹರವಿ ಬಸ್ಸು-ಲಾರಿಗಳ ಗಾಲಿಗೆ ಒಪ್ಪಿಸುವ ರೂಢಿ ಆಗ ಬಂದಿತ್ತು. ಬಳಿದುಕೊಂಡು ಬರುವಾಗ ರಸ್ತೆಯಂಚಿನ ಗರಸೂ ಚೀಲ ಸೇರುತ್ತಿತ್ತು. ಗರಸೆಂದರೆ ಕೆಂಪು ಮಿಶ್ರಿತ ಕಂದು ಬಣ್ಣದ ಸಣ್ಣ ಕಲ್ಲು. ಬಣ್ಣ ಕಡಲೆಯದೇ, ಗಾತ್ರವೂ ಕಡಲೆಯದೇ. ಮಷಿನ್ನಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗಲಾರದೆಂದು ನಾನು ಕಡಲೆಯನ್ನೇ ಆರಿಸಿಕೊಂಡೆ.

ಕ್ಯಾಮೆರಾ ಸಿಕ್ಕಿದ್ದು ಬಾಗಿಲು ಹಾಕಿದ ಒಂದು ನೆಟ್ ಕೆಫೆಯವರಿಂದ. ಕಂಪ್ಯೂಟರೂ ಅವರದೇ, ಬೆನ್ನು ಉಬ್ಬಿದ ಮಾನಿಟರಿನದು. ಹಳೆಯ ಟೇಪ್‌ರೆಕಾರ್ಡರಿನ ಮೋಟಾರಿನಿಂದ ಒಂದು ನೀಲಿ ಪಟ್ಟಿ ನಿಧಾನಕ್ಕೆ ಓಡುವಂತೆ ಮಾಡಿದೆ. ಪಟ್ಟಿಯ ಮೇಲೆ ಒಂದೊಂದೇ ಕಾಳು ಬೀಳಬೇಕು, ಕ್ಯಾಮೆರಾದ ಕೆಳಗೆ ಹಾಯಬೇಕು, ಕೊನೆಗೆ ಒಂದು ತಗಡಿನ ಬಾಗಿಲು ಅದನ್ನು ಎಡಕ್ಕೋ ಬಲಕ್ಕೋ ತಳ್ಳಬೇಕು. ಬಾಗಿಲು ತಳ್ಳಲು ಮನೆಯ ಕರೆಗಂಟೆಯ ಕಾಯಿಲ್ ಬಳಸಿದೆ. ಗಂಟೆಯ ತಗಡನ್ನು ಬಿಚ್ಚದೆ ಹಾಗೇ ಬಿಟ್ಟಿದ್ದರಿಂದ ಪ್ರತಿ ಕಲ್ಲಿಗೂ ಮಷಿನ್ನು 'ಟಿಂಗ್' ಎನ್ನುತ್ತಿತ್ತು. ಕಾಳು ಇಳಿಯುವ ಕೊಳವೆಗಳನ್ನು ಮಾಡಿಕೊಟ್ಟವರು ಪಕ್ಕದ ಅಂಗಡಿಯ ಚಾಚಾ. ಎಣ್ಣೆ ಡಬ್ಬಿ ಕತ್ತರಿಸಿ ಲಾಳಿಕೆ, ಕಂದೀಲು, ಜರಡಿ ಮಾಡುವುದು ಅವರ ತಲೆಮಾರಿನ ಕಸುಬು. ನಾಲ್ಕನೆಯ ಸಲ ಕೊಳವೆಯ ಇಳಿಜಾರು ಬದಲಿಸಲು ಹೋದಾಗ ಅವರು ಸುತ್ತಿಗೆ ಕೆಳಗಿಟ್ಟರು.

"ಬೇಟಾ, ಇದರ ಬದ್ಲಿ ಒಂದ ಛಲೋ ಜರಡಿ ಮಾಡಿಕೊಡತೇನಿ, ಒಯ್ಯಿ. ನಿನಗೂ ಆರಾಮ, ನನಗೂ ಆರಾಮ."

"ಜರಡಿಗೆ ಕಣ್ಣ ಇರೂದಿಲ್ಲಲ್ಲ ಚಾಚಾ."

"ಹಾಂಗಾರ ಈ ಡಬ್ಬಿಗೆ ಐತೇನು?" ಎಂದು ನಕ್ಕು, ಮತ್ತೆ ತಗಡು ಬಗ್ಗಿಸಿದರು.

ಡಬ್ಬಿಗೆ ಕಣ್ಣು ಬಂದಿತ್ತು, ಆದರೆ ನೋಡಿದ್ದು ಏನೆಂದು ತಿಳಿಯುತ್ತಿರಲಿಲ್ಲ. ಅದನ್ನು ಕಲಿಸಬೇಕಿತ್ತು. ನಾನು ಪುಸ್ತಕ ನೋಡಿ ಬರೆದ ಪ್ರೋಗ್ರಾಮಿನ ಹಿಕಮತ್ತು ಇಷ್ಟೇ: ಮೊದಲು ಒಳ್ಳೆಯ ಕಾಳುಗಳನ್ನೂ ಕಲ್ಲುಗಳನ್ನೂ ಬೇರೆಬೇರೆಯಾಗಿ ತೋರಿಸಿ, 'ಇದು ಕಾಳು, ಇದು ಕಲ್ಲು' ಎಂದು ಹೇಳಿಕೊಡುವುದು. ಅದು ಪ್ರತಿಯೊಂದರ ಬಣ್ಣ, ಅಳತೆ, ದುಂಡಗೆ ಎಷ್ಟಿದೆ ಎಂಬುದನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಹೊಸದೊಂದು ಕಣ್ಣಿಗೆ ಬಿದ್ದರೆ, ಹಳೆಯವುಗಳಲ್ಲಿ ಅದನ್ನು ಹೆಚ್ಚು ಹೋಲುವುದು ಯಾವುದು ಎಂದು ನೋಡಿ, ಅದರ ಗುಂಪಿಗೇ ಇದನ್ನೂ ಸೇರಿಸುತ್ತದೆ. ಅಂದರೆ ಸ್ವಂತ ಬುದ್ಧಿ ಇಲ್ಲ, ಹೇಳಿಕೊಟ್ಟಿದ್ದನ್ನು ಮರೆಯುವುದೂ ಇಲ್ಲ.

ಹೇಳಿಕೊಡಲು ಅತ್ತಿಗಿಂತ ತಕ್ಕವರು ಯಾರು? ಎರಡು ಡಬ್ಬಿ ತೆಗೆದುಕೊಂಡು ಹೋಗಿ ಅವಳ ಪರಾತದ ಪಕ್ಕ ಇಟ್ಟೆ. ಒಂದರಲ್ಲಿ ಕಾಳು ಹಾಕು, ಇನ್ನೊಂದರಲ್ಲಿ ಕಲ್ಲು ಹಾಕು ಎಂದೆ.

"ನನ್ನ ಕೆಲಸ ಕಸಗೊಳ್ಳಾಕ ನನ್ನ ಕೈಲಿಂದನ ಪಾಠ ಹೇಳಸ್ತೇನ ಭಾಡ್ಯಾ?" ಎಂದಳು. ಆದರೂ ಹಾಕಿಕೊಟ್ಟಳು. ಬೆರಳ ತುದಿಯಲ್ಲಿ ಪ್ರತಿ ಕಾಳನ್ನೂ ಉಜ್ಜಿ ಉಜ್ಜಿ ಹಾಕಿದಳು. ಮಷಿನ್ನಿಗೆ ಎಂದು ಅಷ್ಟು ಕಾಳಜಿ ಮಾಡುತ್ತಿದ್ದಾಳಲ್ಲ ಎಂದು ನನಗೆ ಸಂತೋಷವಾಯಿತು.

ಮೊದಲ ಪರೀಕ್ಷೆಯಲ್ಲಿ ಮಷಿನ್ನು ಅತ್ತಿಯ ಒಳ್ಳೆಯ ಡಬ್ಬಿಗೇ ಟಿಂಗ್ ಟಿಂಗ್ ಎನ್ನತೊಡಗಿತು. ಆಗ ಅದಕ್ಕೆ ಪಾಠ ಇನ್ನೂ ಆಗಿರಲಿಲ್ಲ, ಬಣ್ಣದ ಒಂದು ಒರಟು ಲೆಕ್ಕ ಮಾತ್ರ ಹಾಕಿಕೊಟ್ಟಿದ್ದೆ. ಮಾನಿಟರಿನಲ್ಲಿ ನೋಡಿದರೆ ಕಂದು ಬಣ್ಣದ ಒಂದು ಮಸುಕು ಬೊಟ್ಟು. ನನ್ನ ಕಣ್ಣಿಗೂ ಕಡಲೆಯೇ. ಅದನ್ನು ಕೈಗೆತ್ತಿಕೊಂಡು ನೋಡಬಹುದಿತ್ತು, ನೋಡಲಿಲ್ಲ. ಅತ್ತಿ ಹಸನು ಮಾಡಿದ್ದನ್ನು ಮತ್ತೆ ನೋಡುವುದು ನನಗೆ ಹೊಳೆಯುವ ಮಾತೇ ಆಗಿರಲಿಲ್ಲ. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಉಂಡಿದ್ದೇನೆ, ಒಂದು ದಿನ ಹಲ್ಲಿಗೆ ಕಲ್ಲು ಸಿಕ್ಕಿದ್ದಿಲ್ಲ. ತಪ್ಪು ಮಷಿನ್ನಿನದೇ ಎಂದು ತೀರ್ಮಾನಿಸಿ, ಅದಕ್ಕೆ ಬೈದು, 'ಇವೆಲ್ಲ ಕಾಳು' ಎಂದು ಒಂದೊಂದಾಗಿ ಕಲಿಸಿದೆ. ಕೆಲವು ವಾರಗಳಲ್ಲಿ ಅದು ನನ್ನ ದಾರಿಗೆ ಬಂತು. ಟಿಂಗ್ ಎನ್ನುವುದು ಕಡಿಮೆಯಾಯಿತು. ಸುಧಾರಿಸಿತು ಎಂದುಕೊಂಡೆ.

ಆ ಚಳಿಗಾಲದಲ್ಲಿ ತಂಗಿ ಹೆರಿಗೆಗೆ ಬಂದಿದ್ದಳು. ಅವಳನ್ನು ರಾಮದುರ್ಗ ತಾಲ್ಲೂಕಿನ ಸುರೇಬಾನಕ್ಕೆ ಕೊಟ್ಟಿದ್ದೆವು. ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಆ ದಿನ ಕಡಲೆ ಗುಗ್ಗರಿ ಬೇಯಿಸಿ ಬಂದವರಿಗೆಲ್ಲ ಹಂಚಬೇಕು. ಓಣಿಯಲ್ಲಿ ಯಾರ ಮನೆಯ ತೊಟ್ಟಿಲಾದರೂ ಗುಗ್ಗರಿಯ ಕಡಲೆ ಹಸನು ಮಾಡುವವಳು ಅತ್ತಿಯೇ. ಗಂಡ ಸತ್ತವಳೆಂದು ತೊಟ್ಟಿಲ ಹತ್ತಿರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಆ ಸಂಭ್ರಮದಲ್ಲಿ ಅವಳಿಗಿದ್ದ ಪಾಲು ಇದೊಂದೇ. ಆದರೆ ಈ ಸಲ ಅವ್ವ ಕಡಲೆ ಅಳೆದು ಪರಾತಕ್ಕೆ ಸುರಿಯಲು ಹೋದಾಗ ಅತ್ತಿ ಕೈ ಅಡ್ಡ ಹಿಡಿದಳು.

"ಈ ಸಲ ಅವನ ಮಷಿನ್ ಮಾಡಲಿ ಬಿಡ್ರಿ ವೈನಿ. ಛಲೋ ಕಲತೈತಿ."

ನನಗೆ ಎದೆ ಉಬ್ಬಿತು. ಅತ್ತಿಯ ಬಾಯಲ್ಲಿ ಮಷಿನ್ನಿಗೆ ಹೊಗಳಿಕೆ! ಅವ್ವ ನನ್ನ ಮುಖ ನೋಡಿದಳು. "ಮಷಿನ್ ಮಾಡಿದ ಮ್ಯಾಲ ಮತ್ತ ನೋಡೂದು ಬ್ಯಾಡಲ್ಲ?"

"ಏನೂ ಬ್ಯಾಡ," ಎಂದೆ.

ಎರಡು ದಿನ ಅಂಗಡಿಯ ಬೇರೆ ಕೆಲಸ ಬಿಟ್ಟು ಕರೆಂಟು ಇದ್ದಾಗೆಲ್ಲ ಮಷಿನ್ನು ಓಡಿಸಿದೆ. ಅತ್ತಿ ಒಂದು ಪರಾತ ಮುಗಿಸುವ ಹೊತ್ತಿನಲ್ಲಿ ಅದು ಒಂದು ಬಟ್ಟಲು ಮುಗಿಸುತ್ತಿತ್ತು. ಆದರೂ ಮುಗಿಸಿತು. ಗಂಟೆ ಬಾರಿಸಿದ್ದು ಅಪರೂಪ. ಈ ವರ್ಷ ಕಡಲೆಯೇ ಸ್ವಚ್ಛ ಬಂದಿದೆ ಎಂದು ಚಾಚಾ ಮುಂದೆ ಹೇಳಿಕೊಂಡೆ.

ತೊಟ್ಟಿಲ ದಿನ ಬೀಗರು ಸುರೇಬಾನದಿಂದ ಟ್ರ್ಯಾಕ್ಸ್ ಜೀಪಿನ ತುಂಬ ಬಂದಿಳಿದರು. ಮಗುವಿನ ಸೋದರತ್ತಿ, ಎಂದರೆ ತಂಗಿಯ ಗಂಡನ ತಂಗಿ, ಮಗುವಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಿದಳು. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಬೈಲಹೊಂಗಲದ ಹೆಂಗಸರು ಇಂಥದ್ದರಲ್ಲಿ ಕೈ ಬಿಗಿಹಿಡಿಯುವವರಲ್ಲ. ಪಾಪ, ಅವಳು ಬೆನ್ನು ನೀವಿಕೊಳ್ಳುತ್ತ ಕೂತು, ಒಂದು ಹಿಡಿ ಗುಗ್ಗರಿ ಬಾಯಿಗೆ ಹಾಕಿಕೊಂಡಳು. 'ಕಟಕ್' ಎಂದಿತು. ಯಾರದೋ ಬಳೆ ಒಡೆಯಿತೆಂದು ಎಲ್ಲರೂ ಕೈ ನೋಡಿಕೊಂಡರು. ಅವಳು ಅಂಗೈಗೆ ಉಗುಳಿದಾಗ ಅದರಲ್ಲಿ ಒಂದು ಗರಸಿನ ಕಲ್ಲು ಇತ್ತು, ದವಡೆ ಹಲ್ಲಿನ ಒಂದು ಚೂರೂ ಇತ್ತು.

"ಹೆಸರಿಟ್ಟವರ ಬೆನ್ನ ಮುರಿಯೂದು ಗೊತ್ತಿತ್ತು, ಹಲ್ಲ ಮುರಿಯೂದು ನಿಮ್ಮೂರಾಗ ಹೊಸಾ ಪದ್ಧತೇನ್ರಿ?" ಎಂದ ತಂಗಿಯ ಗಂಡ. ಎಲ್ಲರೂ ನಕ್ಕರು. ಅಷ್ಟರಲ್ಲಿ ಪಡಸಾಲೆಯ ಆ ಕಡೆ ಇನ್ನೊಬ್ಬರು ಕಲ್ಲು ಉಗುಳಿದರು. ನಗು ನಿಂತಿತು. ಗುಗ್ಗರಿಯ ಪಾತ್ರೆ ಒಳಗೆ ಹೋಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ, ನಮ್ಮದು ಕಡಲೆಗೆ ಹೋಗಿತ್ತು. ಅವ್ವ ಬೀಗರ ಮುಂದೆ ಕೈಮುಗಿದು, ಮಗನ ಮಷಿನ್ನು ಮಾಡಿದ ಕೆಲಸವೆಂದಳು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅತ್ತಿ ಹಿತ್ತಲ ಬಾಗಿಲ ಹತ್ತಿರ ಕೂತಿದ್ದಳು.

ನನ್ನದು ಮೊಸರಿನಲ್ಲಿ ಕಲ್ಲು ಹುಡುಕುವ ಸ್ವಭಾವ. ಕಡಲೆಯಲ್ಲಿ ಸಿಕ್ಕ ಕಲ್ಲನ್ನು ಬಿಡುತ್ತೇನೆಯೇ? ಬೀಗರು ಹೋದ ಮರುದಿನ ಅಂಗಡಿಯಲ್ಲಿ ಮಷಿನ್ನನ್ನು ಪೂರ್ತಿ ಬಿಚ್ಚಿದೆ. ವೈರು ಸರಿ, ಮೋಟಾರು ಸರಿ, ಕ್ಯಾಮೆರಾ ಸರಿ. ಉಳಿದದ್ದು ಪಾಠ. ಅತ್ತಿ ತುಂಬಿಕೊಟ್ಟ ಒಳ್ಳೆಯ ಕಾಳಿನ ಡಬ್ಬಿಯನ್ನು ತೆಗೆದು ಸ್ಟೀಲ್ ತಾಟಿಗೆ ನಿಧಾನವಾಗಿ ಸುರಿದೆ. ಕಡಲೆ ಬೀಳುವ ಸದ್ದು ಬೇರೆ, ಕಲ್ಲು ಬೀಳುವ ಸದ್ದು ಬೇರೆ. ಮೆತ್ತನೆಯ ಸದ್ದಿನ ನಡುವೆ ಟಣ್ ಎಂದಿತು. ಮತ್ತೆ ಟಣ್. ಮತ್ತೆ. ಪಕ್ಕದ ಅಂಗಡಿಯಿಂದ ಚಾಚಾ ತಗಡು ಬಡಿಯುವುದು ನಿಲ್ಲಿಸಿ ಇತ್ತ ನೋಡಿದರು. ನಾನು ಡಬ್ಬಿಯನ್ನು ಅರ್ಧಕ್ಕೇ ಬಿಟ್ಟು ಅಂಗಡಿ ಮುಚ್ಚಿ ಮನೆಗೆ ಹೋದೆ.

ಅತ್ತಿ ಪಡಸಾಲೆಯಲ್ಲಿ ಪರಾತ ಇಟ್ಟುಕೊಂಡು ಕೂತಿದ್ದಳು. ಅವ್ವ ತಂಗಿಯ ಹತ್ತಿರ ಬಾಣಂತಿಯ ಕೋಣೆಯಲ್ಲಿದ್ದಳು. ನಾನು ಬಾಗಿಲಲ್ಲೇ ನಿಂತು ಅತ್ತಿಯನ್ನು ನೋಡಿದೆ. ಅವಳು ಪರಾತದ ಕಡೆ ನೋಡುತ್ತಲೇ ಇರಲಿಲ್ಲ. ಬೆರಳಿನಿಂದ ತಡವುತ್ತಿದ್ದಳು. ಚೂಪಾದದ್ದು ಸಿಕ್ಕರೆ ತೆಗೆಯುತ್ತಿದ್ದಳು, ದುಂಡಗಿದ್ದರೆ ಬಿಡುತ್ತಿದ್ದಳು. ಬಾಗಿಲಲ್ಲಿ ನಿಂತವನು ಯಾರೆಂದು ಅವಳಿಗೆ ತಿಳಿದದ್ದು ನಾನು ಕೆಮ್ಮಿದ ಮೇಲೆ.

ಹತ್ತಿರ ಕೂತು ಕೇಳಿದೆ. "ಅತ್ತಿ, ಕಣ್ಣ ಕಾಣವಲ್ಲವೇನ?"

ಅವಳ ಬೆರಳುಗಳು ನಿಂತವು. "ಮಷಿನ್ದ ತಪ್ಪ ಅಂತ ಎಲ್ಲಾರೂ ಅಂದಾರಲ್ಲ. ಅಷ್ಟಕ್ಕ ಬಿಡಪಾ."

"ನನ್ನ ಮಷಿನ್ ಯಾಕ ಸುಳ್ಳ ತಪ್ಪ ಹೊತಗೋಬೇಕು?"

"ಅದಕ್ಕ ಉಣ್ಣಾಕ ಬೇಕೇನ? ಯಾರರ ಹೊರಗ ಹಾಕ್ತಾರೇನ ಅದನ್ನ?" ಎಂದಳು. "ವೈನಿಗೆ ಹೇಳಬ್ಯಾಡ" ಎಂದು ನನ್ನ ಕೈ ಹಿಡಿದಳು. ನನಗೆ ಸಿಟ್ಟು ಬಂದಿತ್ತು, ಅದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವಳ ಮೇಲೆ ಅಷ್ಟು ಪ್ರೀತಿ ನನಗಿದೆ ಎಂಬುದು ನನಗೇ ಆವತ್ತು ಗೊತ್ತಾಯಿತು.

ಕಣ್ಣು ತೋರಿಸಿಕೊಂಡರೆ ಮಾತ್ರ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಕರಾರು ಹಾಕಿದೆ. ಬೆಳಗಾವಿಯ ದವಾಖಾನೆಯಲ್ಲಿ ಡಾಕ್ಟರು ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ಪೊರೆ ಬಲಿತು ಬಹಳ ದಿನವಾಗಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನನ್ನನ್ನೇ ಬೈದರು. ಅವ್ವನಿಗೆ ಅತ್ತಿ, "ಮೊನ್ನೆ ಮೊನ್ನೆ ಬಂದೈತಂತ್ರಿ ವೈನಿ, ಎಳೇ ಪೊರಿ" ಎಂದು ಹೇಳಿದಳು. ಅವ್ವ ಹೂಂ ಎಂದಳು, ಬೇರೇನೂ ಕೇಳಲಿಲ್ಲ. ಒಂದು ಕಣ್ಣಿನ ಆಪರೇಶನ್ ಆಯಿತು, ಬೇಸಿಗೆಯಲ್ಲಿ ಇನ್ನೊಂದೂ ಆಯಿತು. ಕಪ್ಪು ಕನ್ನಡಕ ತೆಗೆದ ಮೇಲೆ ಅತ್ತಿ ಮೊದಲು ಬೈದದ್ದು ಗೋಡೆಯ ಮೂಲೆಯ ಜೇಡರಬಲೆಗೆ. ಎರಡನೆಯದಾಗಿ ನನ್ನ ತಲೆಯ ಬಿಳಿಕೂದಲಿಗೆ.

ಆಮೇಲೆ ಅವಳಾಗಿಯೇ ಅಂಗಡಿಗೆ ಬಂದಳು. ಮಷಿನ್ನಿನ ಹಳೆಯ ಪಾಠವನ್ನೆಲ್ಲ ಅಳಿಸಿದೆ. ಅವಳು ಹೊಸದಾಗಿ ಎರಡು ಡಬ್ಬಿ ತುಂಬಿಕೊಟ್ಟಳು. ಈ ಸಲ ಅದು ಗರಸು ಕಂಡಲ್ಲೆಲ್ಲ ಟಿಂಗ್ ಎಂದಿತು. ಅತ್ತಿ ಪ್ರತಿ ಟಿಂಗಿಗೂ ಹೌದೆಂದು ತಲೆಯಾಡಿಸಿದಳು. ಆದರೆ ಊರಿಗೆ ಅದು ಬೇಕಿರಲಿಲ್ಲ. ಅಷ್ಟರಲ್ಲಿ 'ಹಲ್ಲ ಕೀಳೂ ಮಷಿನ್' ಎಂಬ ಹೆಸರು ಬಜಾರು ತುಂಬ ಹರಡಿ, ಟಿವಿ ತರುವವರೂ, "ಇದರಾಗೂ ಹರಳ ಹಾಕ್ತೀರೇನ್ರಿ?" ಎಂದು ಕೇಳುತ್ತಿದ್ದರು. ಕೊಟ್ಟ ಮಾತಿನಂತೆ ಬಾಯಿ ಮುಚ್ಚಿಕೊಂಡಿದ್ದೆ. ಸುಲಭವಿರಲಿಲ್ಲ ಅದು. ನಾನು ಕಟ್ಟಿದ್ದರಲ್ಲಿ ತಪ್ಪಿಲ್ಲದೆ ನಡೆದ ವಸ್ತು ಅದೊಂದೇ.

ಶ್ರಾವಣದಲ್ಲಿ ಪಂಚಮಿ ಹಬ್ಬ ಬಂತು. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ತಂಗಿಯನ್ನೂ ಮಗುವನ್ನೂ ಅವಳ ಗಂಡನೇ ಕರೆತಂದು ಬಿಟ್ಟ. ಅವ್ವ ಒಳಗೆ ಉಂಡಿ ಕಟ್ಟುತ್ತಿದ್ದಳು. ಅತ್ತಿ ಪಡಸಾಲೆಯಲ್ಲಿ ಹೊಸ ಕನ್ನಡಕ ಹಾಕಿಕೊಂಡು ಉಸಳಿ ಪಲ್ಯಕ್ಕೆ ಕಡಲೆ ನೋಡುತ್ತಿದ್ದಳು. ತಂಗಿಯ ಗಂಡ ನನ್ನತ್ತ ತಿರುಗಿ, ತಾಟಿನಲ್ಲಿದ್ದ ಉಂಡಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಇದನ್ನ ಮಷಿನ್ ಮುಟ್ಟಿಲ್ಲಲ್ರಿ? ನನ್ನ ತಂಗಿ ಇನ್ನೂ ಒಂದ ಕಡೆನ ಅಗೀತಾಳ."

ನಾನು ಯಥಾಪ್ರಕಾರ ನಗಲು ಹೊರಟಿದ್ದೆ. ಅತ್ತಿ ಪರಾತ ಕೆಳಗಿಟ್ಟಳು.

"ಆ ಮಷಿನ್ನಿಗೆ ಯಾಕ ಅಂತೀರಿ? ಅದಕ್ಕ ಪಾಠಾ ಹೇಳಿದಾಕಿ ನಾನ. ನನಗ ಕಣ್ಣ ಕಾಣತಿದ್ದಿಲ್ಲ. ಹರಳ ಯಾವ್ದು, ಕಾಳ ಯಾವ್ದು ತಿಳೀದ ಎಲ್ಲಾ ಒಂದ ಡಬ್ಬ್ಯಾಗ ಹಾಕೇನಿ. ಅದು ಪಾಪ, ನಾ ಹೇಳಿದ್ದನ್ನ ಕಲತಿತ್ತು."

ತಂಗಿ ಮಗುವನ್ನು ಎತ್ತಿಕೊಂಡು ನಿಂತೇ ಬಿಟ್ಟಳು. "ಹೇಳಾಕ ಏನಾಗಿತ್ತ ಅತ್ತಿ?"

"ಹೇಳಿದ್ರ ಪರಾತ ಕಸಗೊಂತಿದ್ರಿ." ಅತ್ತಿಯ ಧ್ವನಿ ಗಟ್ಟಿಯಾಗಿಯೇ ಇತ್ತು. "ಪರಾತ ಹ್ವಾದ ಮ್ಯಾಲ ಈ ಮನ್ಯಾಗ ನಾ ಯಾರಂತ ಇರ್ಲಿ?"

ಅಡುಗೆಮನೆಯಲ್ಲಿ ಸದ್ದು ನಿಂತಿತು. ಅವ್ವ ಕೈಗೆ ಬೆಲ್ಲದ ಪಾಕ ಅಂಟಿಸಿಕೊಂಡೇ ಬಾಗಿಲಿಗೆ ಬಂದಳು.

"ಎರಡ ವರ್ಷ ನೀ ಹಸನ ಮಾಡಿಟ್ಟಿದ್ದನ್ನೆಲ್ಲಾ, ಮಧ್ಯಾಹ್ನ ನೀ ಅಡ್ಡಾದ ಮ್ಯಾಲ, ನಾ ಮತ್ತ ಹಸನ ಮಾಡೇನಿ. ಬ್ಯಾಳಿ, ಕಡ್ಲಿ, ಜ್ವಾಳ, ಎಲ್ಲಾನೂ. ಪರಾತ ಕಸಗೊಂಡೇನೇನ?"

ನಮ್ಮ ಮನೆಯ ಊಟದಲ್ಲಿ ಯಾಕೆ ಕಲ್ಲು ಸಿಗುತ್ತಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಅವ್ವನ ಕೈ ದಾಟದೆ ಆ ಮನೆಯಿಂದ ಹೊರಬಿದ್ದ ಕಡಲೆ ಎಂದರೆ ಮಷಿನ್ನಿಗೆಂದು ನಾನು ಒಯ್ದ ಡಬ್ಬಿ, ಮತ್ತು 'ಮತ್ತ ನೋಡೂದು ಬ್ಯಾಡ' ಎಂದು ನಾನೇ ಹೇಳಿದ ಗುಗ್ಗರಿ. ದಿನಾ ಉಪ್ಪಿಗೂ ಕಸಬರಿಗೆಗೂ ಜಗಳವಾಡುತ್ತ ಅವ್ವ ಈ ಒಂದು ಮಾತನ್ನು ಬಾಯಿಂದ ಬಿದ್ದುಹೋಗಲು ಬಿಟ್ಟಿರಲಿಲ್ಲ.

ಅತ್ತಿ ಪರಾತವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಸೆರಗಿನಿಂದ ಕನ್ನಡಕ ಒರೆಸಿದಳು. ಆಮೇಲೆ ಕಾಳಿನ ನಡುವಿನಿಂದ ಏನೋ ಹೆಕ್ಕಿ ತೆಗೆದು ಅವ್ವನ ಕಡೆ ಚಾಚಿದಳು.

"ನಿನ್ನೆ ನೀವ ಹಸನ ಮಾಡಿಟ್ಟ ಕಡ್ಲ್ಯಾಗಿಂದು ಇದು. ನಿಮಗೂ ಪೊರಿ ಬಂದೈತ್ರಿ ವೈನಿ."

ಅವ್ವ ಅದನ್ನು ಇಸಿದುಕೊಂಡು, ಕೈಯನ್ನು ಹತ್ತಿರ ತಂದು, ದೂರ ಒಯ್ದು, ಬೆಳಕಿಗೆ ಹಿಡಿದು ನೋಡಿದಳು. ಅವಳಿಗೆ ಅದು ಕಾಣಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

"ಬಂದಿದ್ರ ಬರ್ಲಿ," ಎಂದಳು. "ಇನ್ನ ಮ್ಯಾಲ ನಾ ಹಸನ ಮಾಡಿದ್ದನ್ನ ನೀ ಮತ್ತ ನೋಡು." ಪಾಕ ಗಟ್ಟಿಯಾದೀತೆಂದು ಒಳಗೆ ಹೋದಳು.